ಒಂದು ಮಂಡಲ, ಒಂದು ಕತೆ: ಬರೆಯುವುದು ನಿಂತುಹೋದವರಿಗೆ

ಬಾವಿಯಲ್ಲಿ ನೀರಿದ್ದೂ ಪಂಪ್‌ಸೆಟ್ಟು ನೀರೆತ್ತದೆ ಬರೀ ಗುಂಯ್‌ಗುಡುವುದುಂಟು. ಪೈಪಿನೊಳಗೆ ಗಾಳಿ ಸೇರಿಕೊಂಡಿರುತ್ತದೆ. ತಿಳಿದವರು ಆಗ ಬಾವಿ ತೋಡಿಸಲು ಹೊರಡುವುದಿಲ್ಲ. ಎರಡು ಕೊಡ ನೀರು ಹುಯ್ದು ಗಾಳಿ ಬಿಡಿಸುತ್ತಾರೆ. ಕತೆ ಬರೆಯುವುದು ನಿಂತು ನಾಲ್ಕೈದು ವರ್ಷವಾದವರು ಮಾತ್ರ ಸೀದಾ ಬಾವಿಗೇ ಕೈಹಾಕುತ್ತಾರೆ: ಹೊಸ ಲ್ಯಾಪ್‌ಟಾಪು, ಕಥಾ ಕಮ್ಮಟಕ್ಕೆ ಅರ್ಜಿ, ಮೂರು ತಲೆಮಾರಿನ ಕಾದಂಬರಿಗೊಂದು ನಕ್ಷೆ. ಹದಿನೈದು ದಿನ ಕಳೆದ ಮೇಲೆ ನಕ್ಷೆ ಮಡಚಿಟ್ಟು, ತಮ್ಮಲ್ಲಿ ಸರಕು ಮುಗಿಯಿತೆಂದು ತೀರ್ಮಾನಿಸುತ್ತಾರೆ.

ಸರಕು ಮುಗಿದಿರುವುದಿಲ್ಲ. ಬಿಟ್ಟ ವರ್ಷಗಳಲ್ಲಿ ನೋಡಿದ್ದು, ಕೇಳಿದ್ದು, ಅನುಭವಿಸಿದ್ದು ಮೊದಲಿಗಿಂತ ಹೆಚ್ಚೇ ಇರುತ್ತದೆ. ಕೈಬಿಟ್ಟು ಹೋಗಿರುವುದು ಎರಡು: ಕನ್ನಡ ವಾಕ್ಯದ ಕಿವಿ, ಹಿಡಿದದ್ದನ್ನು ಮುಗಿಸುವ ರೂಢಿ. ಇವೆರಡನ್ನೂ ಮರಳಿ ತರಲು ಒಂದು ಮಂಡಲ, ಅಂದರೆ 48 ದಿನ ಸಾಕು. ಗುರಿ ಸಾವಿರ ಚಿಲ್ಲರೆ ಪದದ ಒಂದೇ ಒಂದು ಕತೆ. ಅದು ಒಳ್ಳೆಯ ಕತೆ ಆಗಬೇಕೆಂದಿಲ್ಲ, ಮುಗಿದ ಕತೆ ಆಗಬೇಕು.

ಮೊದಲು, ಎಲ್ಲಿ ನಿಂತಿತು?

ಕೊನೆಯ ಬಾರಿ ಬರೆಯುವುದನ್ನು ಬಿಟ್ಟದ್ದು ಯಾವ ಹಂತದಲ್ಲಿ ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಮಗು ಹುಟ್ಟಿತು, ಕೆಲಸದ ಪಾಳಿ ಬದಲಾಯಿತು ಎಂಬ ಕಾರಣವಾದರೆ ಔಷಧ ಸುಲಭ: ಹೊತ್ತು ಗೊತ್ತುಮಾಡಿಕೊಂಡರೆ ಆಯಿತು. ಕತೆ ನಡುವಿನಲ್ಲಿ ಕಗ್ಗಂಟಾಗಿ ನಿಂತಿದ್ದರೆ ಆ ಕತೆಯನ್ನು ಈ 48 ದಿನ ಮುಟ್ಟಬೇಡಿ; ಅದು ಹಳೇ ಸಾಲದಂತೆ, ಹೊಸ ಸಂಪಾದನೆ ಕಣ್ಣಿಗೆ ಕಂಡ ಮೇಲೆ ತೀರಿಸಬಹುದು. ಪತ್ರಿಕೆಯಿಂದ ವಾಪಸು ಬಂದದ್ದೋ, ಉತ್ತರವೇ ಬಾರದ್ದೋ ಕಾರಣವಾದರೆ ಈ ಕತೆಯನ್ನು ಯಾರಿಗೂ ಕಳಿಸುವುದಿಲ್ಲವೆಂದು ಈಗಲೇ ನಿಶ್ಚಯಿಸಿ ಕೂರಿ. ಮನಸ್ಸು ಬದಲಾದರೆ ಆಮೇಲೆ ಕಳಿಸಿದರಾಯಿತು.

ನಾಲ್ಕನೆಯ ಕಾರಣವನ್ನು ಯಾರೂ ಹೇಳಿಕೊಳ್ಳುವುದಿಲ್ಲ, ಆದರೆ ಬಹಳ ಮಂದಿಗೆ ಇರುವುದು ಅದೇ. ಹಗಲಿಡೀ ಇಂಗ್ಲಿಷಿನಲ್ಲಿ ಮೇಲ್ ಬರೆದು, ರಾತ್ರಿ ಇಂಗ್ಲಿಷ್ ಸರಣಿ ನೋಡಿ ಮಲಗುವವರು ಕನ್ನಡದಲ್ಲಿ ಬರೆಯಲು ಕೂತರೆ ವಾಕ್ಯಗಳು ಡಬ್ಬಿಂಗ್ ಮಾಡಿದಂತೆ ಬರುತ್ತವೆ. ಓದಿಕೊಂಡರೆ ತಮಗೇ ಹಿಡಿಸುವುದಿಲ್ಲ, ಏಕೆಂದು ತಿಳಿಯುವುದೂ ಇಲ್ಲ. ಆದ್ದರಿಂದ ಮೊದಲ ಹನ್ನೆರಡು ದಿನ ಕತೆಯ ಗೊಡವೆಯೇ ಬೇಡ.

1ರಿಂದ 12ನೇ ದಿನ: ಕಿವಿ

ಬೇಕಾದ ಸಾಮಾನು: ಗೆರೆ ಹಾಕಿದ ನೂರು ಪುಟದ ಲಾಂಗ್ ಬುಕ್ ಒಂದು, ಬರೆಯಲು ಹಿತವಾದ ಪೆನ್ನು, ಹದಿನೈದು ನಿಮಿಷಕ್ಕೆ ಹಾಕಿದ ಅಲಾರಂ. ಫೋನು ಪಕ್ಕದ ಕೋಣೆಯಲ್ಲಿರಲಿ. ಕೈಬರಹವೇ ಏಕೆಂದರೆ ಫೋನಿನ ಕೀಲಿಮಣೆ ನೀವು ಯೋಚಿಸುವ ಮೊದಲೇ ಮುಂದಿನ ಪದ ಸೂಚಿಸುತ್ತದೆ. ಕಿವಿ ಮಂಕಾದವರು ಸೂಚಿಸಿದ್ದನ್ನೇ ಒತ್ತುತ್ತ ಹೋಗುತ್ತಾರೆ.

ದಿನಕ್ಕೆ ಎರಡೇ ಕೆಲಸ. ಒಂದು, ನಿಮಗೆ ಇಷ್ಟವಾದ ಯಾವುದಾದರೂ ಕನ್ನಡ ಕತೆಯಿಂದ ಅರ್ಧ ಪುಟವನ್ನು ಹಾಗೆಯೇ ನಕಲು ಬರೆಯುವುದು. ಶಾಲೆಯ ಕಾಪಿಯ ನೆನಪಾಗಿ ನಗು ಬಂದೀತು, ಬರಲಿ. ಬರೆಯುವಾಗ ವಾಕ್ಯ ಎಲ್ಲಿ ಮುಗಿಯಿತು, ಕರ್ತೃಪದ ಎಲ್ಲಿ ಇಲ್ಲವೇ ಇಲ್ಲ, ಮಾತಿನ ನಡುವೆ ಲೇಖಕರು ಎಷ್ಟು ಕಡಿಮೆ ತಲೆಹಾಕುತ್ತಾರೆ ಎಂಬುದು ಕಣ್ಣಿಗಿಂತ ಚೆನ್ನಾಗಿ ಕೈಗೆ ಗೊತ್ತಾಗುತ್ತದೆ. ಈ ಪುಟಗಳು ಅಭ್ಯಾಸಕ್ಕೆ ಮಾತ್ರ, ಅಲ್ಲಿಂದ ನಿಮ್ಮ ಕತೆಗೆ ಒಂದು ಸಾಲೂ ಹೋಗಬಾರದು.

ಎರಡು, ಆ ದಿನ ಕಿವಿಗೆ ಬಿದ್ದ ಮಾತಿನಲ್ಲಿ ಐದು ಸಾಲು, ಆಡಿದ ಹಾಗೆಯೇ. ಬಸ್ಸಿನ ಕಂಡಕ್ಟರ್, ಸೊಪ್ಪಿನವಳು, ಲಿಫ್ಟಿನಲ್ಲಿ ಫೋನು ಹಿಡಿದವರು, ಅತ್ತೆ. ಮಾತಿನ ಪಕ್ಕದಲ್ಲಿ, ಅವರು ಹೇಳದೆ ಉಳಿಸಿಕೊಂಡದ್ದು ಏನಿರಬಹುದೆಂದು ಎರಡೋ ಮೂರೋ ಪದ. ಬೆಂಗಳೂರಿನಲ್ಲಿ ದಿನವಿಡೀ ಕನ್ನಡ ಕಿವಿಗೆ ಬೀಳದಿದ್ದರೆ, ಇಲ್ಲವೇ ನೀವು ದುಬೈನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದರೆ, ಊರಿಗೆ ಫೋನು ಮಾಡಿ ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ. ಅಮ್ಮಂದಿರು ಪೂರ್ತಿ ವಾಕ್ಯದಲ್ಲಿ ಮಾತಾಡುವುದೇ ಇಲ್ಲ, ಆದರೂ ಎಲ್ಲವೂ ಅರ್ಥವಾಗುತ್ತದೆ. ಕತೆಯ ಸಂಭಾಷಣೆಗೆ ಬೇಕಾದದ್ದು ಅದೇ.

ಎಂಟನೇ ದಿನದ ಹೊತ್ತಿಗೆ ನಿಮ್ಮದೇ ಒಂದು ಪುಟ ಬರೆದು ಪರೀಕ್ಷೆಗೆ ಇಡಿ. ಯಾವುದಾದರೂ ಸಣ್ಣ ಘಟನೆ ಸಾಕು. ಕೆಂಪು ಪೆನ್ನು ಹಿಡಿದು ಇವನ್ನು ಹುಡುಕಿ:

"ಒಂದು" ಎಷ್ಟು ಸಲ ಬಂದಿದೆ? "ಅವಳು ಒಂದು ಆಳವಾದ ಉಸಿರನ್ನು ತೆಗೆದುಕೊಂಡಳು" ಎಂಬಲ್ಲಿ "ಒಂದು" ಇಂಗ್ಲಿಷಿನದು. "ಉಸಿರೆಳೆದುಕೊಂಡಳು" ಎಂದರೆ ಮುಗಿಯಿತು.

"ಅವನು", "ಅವಳು" ಎಷ್ಟು? ಕನ್ನಡದ ಕ್ರಿಯಾಪದದಲ್ಲೇ ಗಂಡೋ ಹೆಣ್ಣೋ ಇರುತ್ತದೆ. "ಬಂದಳು, ಚೀಲ ಇಳಿಸಿದಳು, ನೀರು ಕೇಳಲಿಲ್ಲ" ಎಂಬಲ್ಲಿ ಮೂರು ಸಲ "ಅವಳು" ತುರುಕಿ ನೋಡಿ, ವ್ಯತ್ಯಾಸ ತಾನಾಗಿ ಕೇಳಿಸುತ್ತದೆ.

"ತನ್ನ ಕೈಯನ್ನು ತೊಳೆದನು" ಎಂದು ಬರೆದಿದ್ದೀರಾ? ಬೇರೆಯವರ ಕೈ ತೊಳೆಯುವುದು ಅಪರೂಪ. "ಕೈ ತೊಳೆದ." ನಿರ್ಜೀವ ವಸ್ತುವಿಗೆ ಎಲ್ಲ ಕಡೆ "ಅನ್ನು" ಹಚ್ಚುವುದೂ ಇದೇ ಜಾತಿಯ ರೋಗ. ಬಾಗಿಲು ತೆರೆದ, ಚಾ ಕುಡಿದ, ಬೀಗ ಹಾಕಿದ ಎಂದೇ ನಾವು ಆಡುವುದು.

"ಮತ್ತು" ಒಂದು ಪುಟದಲ್ಲಿ ಎರಡಕ್ಕಿಂತ ಹೆಚ್ಚಿದ್ದರೆ ಅನುಮಾನಪಡಿ. "ಎದ್ದನು ಮತ್ತು ಹೊರಟನು" ಅಲ್ಲ, "ಎದ್ದು ಹೊರಟ". "ಮಾಡಲ್ಪಟ್ಟ", "ಹೇಳಲ್ಪಟ್ಟ" ಕಂಡರೆ ವಿಚಾರಣೆಯಿಲ್ಲದೆ ಹೊಡೆದುಹಾಕಿ.

"ಅವನ ಮುಖದ ಮೇಲೆ ನಗುವಿತ್ತು", "ಅವಳ ಕಣ್ಣುಗಳು ಕೋಣೆಯನ್ನು ಹುಡುಕಿದವು" ಎಂಬಂಥವನ್ನು ಹಿಡಿಯುವುದು ಸ್ವಲ್ಪ ಕಷ್ಟ, ಏಕೆಂದರೆ ಅಚ್ಚಾದ ಪುಸ್ತಕಗಳಲ್ಲೂ ಇವು ಬೇಕಾದಷ್ಟಿವೆ. ಅಜ್ಜಿಗೆ ಈ ವಿಷಯ ಹೇಳುವುದಾದರೆ ಹೇಗೆ ಹೇಳುತ್ತೀರಿ ಎಂದು ಕೇಳಿಕೊಳ್ಳಿ. ನಗ್ತಾ ಇದ್ದ. ಕೋಣೆಯೆಲ್ಲ ಕಣ್ಣಾಡಿಸಿದಳು.

ಹನ್ನೆರಡನೇ ದಿನ ಇನ್ನೊಂದು ಪುಟ ಬರೆದು ಇದೇ ಪರೀಕ್ಷೆ ಮಾಡಿ. ಕೆಂಪು ಗುರುತು ಅರ್ಧಕ್ಕೆ ಇಳಿದಿದ್ದರೆ ಮುಂದೆ ಹೋಗಿ. ಇಲ್ಲದಿದ್ದರೆ ನಕಲು ಬರೆಯುವುದನ್ನು ಇನ್ನೊಂದು ವಾರ ಮುಂದುವರಿಸಿ. ಮಂಡಲ ಒಂದು ವಾರ ಉದ್ದವಾದರೆ ಯಾರೂ ಕೇಳುವುದಿಲ್ಲ.

13ರಿಂದ 18: ಹಳೆಯ ಕಡತ

ಹಳೆಯ ಕತೆಗಳನ್ನು ಹೊರಗೆ ತೆಗೆಯಿರಿ. ಹದಿನೈದು ವರ್ಷದ ಹಿಂದಿನ, ನುಡಿ ಅಥವಾ ಬರಹ ತಂತ್ರಾಂಶದ ಕಡತವಾದರೆ ತೆರೆದಾಗ ಕನ್ನಡದ ಬದಲು ತಲೆಬುಡವಿಲ್ಲದ ರೋಮನ್ ಅಕ್ಷರ ಕಂಡೀತು. ಕಡತ ಹಾಳಾಗಿಲ್ಲ, ಹಳೆಯ ಫಾಂಟ್ ಈಗಿನ ಕಂಪ್ಯೂಟರಿನಲ್ಲಿಲ್ಲ, ಅಷ್ಟೆ. ಆ ಹಳೆಯ ಆಸ್ಕಿ ಪದ್ಧತಿಯಿಂದ ಈಗ ಎಲ್ಲೆಡೆ ನಡೆಯುವ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಮೂಲ ಕಡತದ ಒಂದು ಪ್ರತಿ ಬೇರೆಡೆ ಇಟ್ಟು ಆಮೇಲೆ ಪರಿವರ್ತಿಸಿ. ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳಿರುತ್ತದೆ, ಒಮ್ಮೆ ಕಣ್ಣುಹಾಯಿಸಿ.

ಓದುವಾಗ ತಿದ್ದಬೇಡಿ. ಪ್ರತಿ ಹಳೆಯ ಕತೆಯಿಂದ ಒಂದೇ ವಸ್ತು ಎತ್ತಿಕೊಳ್ಳಿ: ಒಬ್ಬ ವ್ಯಕ್ತಿ, ಒಂದು ಮಾತು, ಒಂದು ಜಾಗ. ಆರು ದಿನಕ್ಕೆ ಹತ್ತು ಚೀಟಿಯಾದರೆ ಧಾರಾಳ. ಕೆಲವರು ಈ ವಾರದಲ್ಲೇ ಜಾರಿಬೀಳುತ್ತಾರೆ. ಒಂದೋ ಹಳೆಯದು ಎಷ್ಟು ಚೆನ್ನಾಗಿತ್ತು, ಈಗ ಹೀಗಾಯಿತಲ್ಲ ಎಂಬ ದುಃಖ, ಇಲ್ಲವೇ ಎಷ್ಟು ಕೆಟ್ಟದಾಗಿತ್ತು ಎಂಬ ನಾಚಿಕೆ. ಎರಡಕ್ಕೂ ಮದ್ದು ಒಂದೇ: ದಿನಕ್ಕೆ ಇಪ್ಪತ್ತು ನಿಮಿಷ ಮೀರಿ ಓದಬೇಡಿ.

19ರಿಂದ 32: ಮೊದಲ ಕರಡು

ಈಗ ಕತೆ. ಅಳತೆ ಚಿಕ್ಕದಿರಲಿ: ಇಬ್ಬರು, ಒಂದು ಜಾಗ, ಒಂದು ಗಂಟೆ. ಒಬ್ಬರಿಗೆ ಏನೋ ಬೇಕು, ಇನ್ನೊಬ್ಬರು ಅದನ್ನು ಕೊಡಲಾರರು ಅಥವಾ ಕೊಡಲು ಅರ್ಧ ಮನಸ್ಸು. ಕಾದಂಬರಿ, ಫ್ಲ್ಯಾಶ್‌ಬ್ಯಾಕು, ಕನಸು, ಡೈರಿಯ ಪುಟ ಈ ಸಲ ಬೇಡ.

ಒಂದು ಉದಾಹರಣೆ ಹಿಡಿದು ಹೋಗೋಣ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಹಾಗಾಗಿ ಜಮೀನು ಮಾರಬೇಕೆಂದರೆ ಅಕ್ಕತಂಗಿಯರನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುವುದು ಈಗ ಊರೂರಲ್ಲಿ ನಡೆಯುವ ಸಂಗತಿ. ಅಣ್ಣ ಪುಟ್ಟಸ್ವಾಮಿ, ತಂಗಿ ಭಾಗ್ಯ. ಜಾಗ ಸಬ್ ರಿಜಿಸ್ಟ್ರಾರ್ ಕಚೇರಿಯ ವರಾಂಡ. ಟೋಕನ್ ಬರುವವರೆಗಿನ ಒಂದು ಗಂಟೆ. ಅಣ್ಣನಿಗೆ ರುಜು ಬೇಕು. ತಂಗಿಗೆ ದುಡ್ಡು ಬೇಕಿಲ್ಲ, ಅಣ್ಣ ಬಾಯಿಬಿಟ್ಟು ಒಂದು ಮಾತು ಕೇಳಬೇಕು. ಅವನು ಕೇಳುವ ಪೈಕಿಯಲ್ಲ.

ಬಹಳ ದಿನದ ಮೇಲೆ ಕೂತವರ ಮೊದಲ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: "ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಿದ್ದ. ಭಾಗ್ಯಳ ಮನದಲ್ಲಿ ಹಳೆಯ ನೆನಪುಗಳು ಅಲೆಅಲೆಯಾಗಿ ಏಳುತ್ತಿದ್ದವು." ಸೂರ್ಯ ಮುಳುಗುವ ಹೊತ್ತಿಗೆ ರಿಜಿಸ್ಟ್ರಾರ್ ಕಚೇರಿ ಬಾಗಿಲು ಹಾಕಿರುತ್ತದೆ ಎಂಬುದು ಒತ್ತಟ್ಟಿಗಿರಲಿ. ಇದು ಕತೆಯಲ್ಲ, ಬರೆಯುವವರು ಗಂಟಲು ಸರಿಮಾಡಿಕೊಳ್ಳುವ ಸದ್ದು. ಬರೆದುಕೊಳ್ಳಿ, ಪರವಾಗಿಲ್ಲ, ತಿದ್ದುವಾಗ ತೆಗೆದರಾಯಿತು. ಕತೆ ನಿಜಕ್ಕೂ ಶುರುವಾಗುವುದು ಯಾರೋ ಏನೋ ಮಾಡಿದಲ್ಲಿ:

"ಟೋಕನ್ 43. ಒಳಗೆ 31 ನಡೆಯುತ್ತಿತ್ತು. ಪುಟ್ಟಸ್ವಾಮಿ ಎಳನೀರು ತಂದು ತಂಗಿಯ ಕೈಗಿಟ್ಟ. ಮದುವೆಯಾಗಿ ಹೋದ ಹದಿನೆಂಟು ವರ್ಷದಲ್ಲಿ ಅಣ್ಣ ತಾನಾಗಿ ಏನಾದರೂ ತಂದುಕೊಟ್ಟದ್ದು ಅದೇ ಮೊದಲು."

ಕಾಯುತ್ತಿದ್ದಾರೆ, ಹೊತ್ತಿದೆ, ಅವನಿಗೆ ಏನೋ ಬೇಕಾಗಿದೆ, ಅವಳಿಗೆ ಅದು ಗೊತ್ತಾಗಿದೆ. ನಾಲ್ಕು ಸಣ್ಣ ವಾಕ್ಯಕ್ಕೆ ಇಷ್ಟು ಕೆಲಸ ಸಾಕು.

ಮೊದಲ ಸಾಲಿಗೆ ಮುಂಚೆ ಎರಡು ನಿರ್ಧಾರ ಆಗಬೇಕು. ನಿರೂಪಣೆ "ಹೋದನು" ಎಂದೋ "ಹೋದ" ಎಂದೋ? ಮಾತು ಯಾವ ಸೀಮೆಯದು? ಒಂದೇ ಪ್ರಶ್ನೆಯನ್ನು ಮಂಡ್ಯದ ಅಣ್ಣ "ಉಂಡ್ಕಂಡು ಬಂದ್ಯೇನವ್ವ?" ಎನ್ನುತ್ತಾನೆ, ಧಾರವಾಡದವನು "ಊಟಾ ಮಾಡಿ ಬಂದಿ ಏನವಾ?", ಮಂಗಳೂರಿನ ಕಡೆಯವನು "ಊಟ ಮಾಡಿಯೇ ಬಂದದ್ದಾ?". ನಿಮ್ಮ ಮನೆಯಲ್ಲಿ ಆಡಿದ ಸೀಮೆಯನ್ನೇ ಆರಿಸಿ. ಕೇಳಿಯೇ ಗೊತ್ತಿಲ್ಲದ ಸೀಮೆಯ ಮಾತನ್ನು ಸಿನಿಮಾ ನೋಡಿ ಬರೆದರೆ ಮೂರನೇ ಸಾಲಿಗೇ ಬಯಲಾಗುತ್ತದೆ. ಈ ನಿರ್ಧಾರ ಮುಂದೂಡಿದರೆ ಏನಾಗುತ್ತದೆಂದರೆ, ಮೊದಲ ಪುಟದಲ್ಲಿ "ಹೇಳಿದನು" ಎಂದಿದ್ದು ಮೂರನೇ ಪುಟದಲ್ಲಿ "ಅಂದ" ಆಗುತ್ತದೆ, ತಂಗಿ ಒಮ್ಮೆ ಮಂಡ್ಯದವಳು, ಒಮ್ಮೆ ಆಕಾಶವಾಣಿಯವಳು.

ದಿನದ ಲೆಕ್ಕ: ಹದಿನಾಲ್ಕು ದಿನದಲ್ಲಿ ಹತ್ತು ದಿನ ಕೂತರೆ ಸಾಕು, ಕೂತಾಗ 120 ಪದ. ಕಡಿಮೆಯೆನಿಸಿತೆ? ದಿನಕ್ಕೆ ಸಾವಿರ ಪದವೆಂಬ ಉಪದೇಶ ಇಂಗ್ಲಿಷ್ ಬರೆಯುವವರಿಗೆ ಹೇಳಿದ್ದು. ಕನ್ನಡದಲ್ಲಿ ವಿಭಕ್ತಿ, ಸಂಧಿ ಎಲ್ಲ ಸೇರಿ "ಮನೆಯಲ್ಲಿದ್ದವನಿಗೆ" ಎಂಬುದು ಒಂದೇ ಪದ. ಅದೇ ಅರ್ಥಕ್ಕೆ ಇಂಗ್ಲಿಷಿನಲ್ಲಿ ಏಳೆಂಟು ಪದ ಬೇಕು. ಲಾಂಗ್ ಬುಕ್ಕಿನಲ್ಲಿ 120 ಪದ ಒಂದು ಪುಟಕ್ಕೂ ಸ್ವಲ್ಪ ಕಡಿಮೆ. ಉತ್ಸಾಹ ಬಂದ ದಿನ 250 ಆದರೆ ಅಲ್ಲಿಗೆ ನಿಲ್ಲಿಸಿ. ಒಂದೇ ರಾತ್ರಿ ಎಂಟುನೂರು ಬರೆದವರು ಮರುದಿನ ಪುಸ್ತಕ ತೆರೆಯಲು ಹೆದರುತ್ತಾರೆ.

ಬರೆಯುತ್ತಿರುವಾಗ ಹಿಂದಿನ ಪುಟ ತಿರುವಬೇಡಿ, ನೆನ್ನೆಯ ಕೊನೆಯ ಮೂರು ಸಾಲು ಓದಿ ಮುಂದಕ್ಕೆ ಹೋಗಿ. ಪದ ಹೊಳೆಯದಿದ್ದರೆ ಅಲ್ಲಿ ಚೌಕ ಹಾಕಿ ದಾಟಿ. ವಿವರ ಗೊತ್ತಿಲ್ಲದಿದ್ದರೆ "ಇಲ್ಲಿ ಪತ್ರ ಬರಹಗಾರ ಏನು ಕೇಳುತ್ತಾನೋ ವಿಚಾರಿಸಬೇಕು" ಎಂದು ಕತೆಯೊಳಗೇ ಬರೆದು ಬಿಡಿ. ವಿಚಾರಿಸಲೆಂದು ಫೋನು ತೆಗೆದ ಕ್ಷಣಕ್ಕೆ ಆ ದಿನದ ಬರವಣಿಗೆ ಮುಗಿದಂತೆಯೇ. ನಿಲ್ಲಿಸುವುದನ್ನು ಮುಂದಿನ ಸಾಲು ಗೊತ್ತಿರುವಾಗಲೇ ನಿಲ್ಲಿಸಿ, ಆ ಸಾಲಿನ ಎರಡು ಪದ ಅಂಚಿನಲ್ಲಿ ಗುರುತುಹಾಕಿಕೊಳ್ಳಿ. ನಾಳೆ ಖಾಲಿ ಹಾಳೆ ಎದುರಿಸಬೇಕಾಗಿಲ್ಲ.

ಸುಮಾರು ಐನೂರನೇ ಪದದ ಹತ್ತಿರ ಕತೆ ಸತ್ತಂತೆ ಕಾಣುತ್ತದೆ. ಅಣ್ಣ ತಂಗಿ ಕೂತೇ ಇದ್ದಾರೆ, ಮಾತು ಮುಗಿದಿದೆ. ಇದು ಎಲ್ಲರಿಗೂ ಆಗುವುದೇ. ಮೂರನೆಯ ವ್ಯಕ್ತಿಯನ್ನೋ ವಸ್ತುವನ್ನೋ ಒಳಗೆ ಬಿಡಿ, ಆದರೆ ಅದು ಆ ಜಾಗಕ್ಕೆ ಸಹಜವಾಗಿ ಬರುವಂಥದಿರಲಿ. ಸಾಕ್ಷಿಗೆಂದು ಕರೆಸಿದ ಚಿಕ್ಕಪ್ಪ ಬಂದು "ಒಳ್ಳೇ ಕೆಲ್ಸ ಮಾಡ್ದೆ ಕಣವ್ವ, ತವರು ಉಳೀತದೆ" ಎಂದ. ತಂಗಿ ಇನ್ನೂ ರುಜು ಹಾಕಿಲ್ಲ. ಈಗ ಅವಳು ಏನಾದರೂ ಮಾಡಲೇಬೇಕು. ಅಪಘಾತ, ಹೃದಯಾಘಾತ, ಆಕಸ್ಮಿಕ ಫೋನ್ ಕರೆ ತಂದರೆ ನಡುಭಾಗ ದಾಟಬಹುದು, ಕೊನೆ ಮಾತ್ರ ಕೈಗೆ ಸಿಗುವುದಿಲ್ಲ.

ಕೊನೆಗೆ ಬಂದಾಗ ಇಬ್ಬರಲ್ಲಿ ಒಬ್ಬರು ತತ್ವ ಹೇಳಲು ಬಾಯಿ ತೆರೆಯುತ್ತಾರೆ. ಮುಚ್ಚಿಸಿ. ಕೈಗೋ ಕಾಲಿಗೋ ಒಂದು ಕೆಲಸ ಕೊಟ್ಟು ನಿಲ್ಲಿಸಿ: ವೆಬ್‌ಕ್ಯಾಮರಾದ ಮುಂದೆ ನಿಂತಾಗ ಸೆರಗು ಸರಿಮಾಡಿಕೊಂಡಳು, ಅಥವಾ ಹೆಬ್ಬೆರಳು ಒತ್ತಿದ ಗಾಜು ಅವಳ ಬೆರಳನ್ನು ಮೂರು ಸಲ ಓದಲೊಪ್ಪಲಿಲ್ಲ.

33ರಿಂದ 39: ಮುಟ್ಟಬೇಡಿ

ಏಳು ದಿನ ಕತೆ ಬೀರುವಿನಲ್ಲಿರಲಿ. ಕೇಳಿದ ಮಾತಿನ ಐದು ಸಾಲು ಮಾತ್ರ ತಪ್ಪಿಸಬೇಡಿ. ಈ ವಾರದಲ್ಲೇ ವಾಟ್ಸಾಪ್ ಗುಂಪಿಗೆ ಹಾಕುವ ಆಸೆ ಬಲವಾಗುತ್ತದೆ. ಹಾಕಿದರೆ ನಲವತ್ತು ಕೈಮುಗಿದ ಚಿತ್ರ, ಆರು ಹೂಗುಚ್ಛ ಬರುತ್ತವೆ, ಎರಡನೇ ಪುಟದಲ್ಲಿ ತಂಗಿಯ ಊರು ಬದಲಾದದ್ದನ್ನು ಯಾರೂ ಹೇಳುವುದಿಲ್ಲ. ಮೇಲಾಗಿ, ಒಮ್ಮೆ ಹೊಗಳಿಕೆ ಬಂದ ಕತೆಯನ್ನು ತಿದ್ದಲು ಕೈ ಬರುವುದಿಲ್ಲ.

40ರಿಂದ 48: ತಿದ್ದುವುದು

ಈಗ ಟೈಪ್ ಮಾಡಿ, ಯುನಿಕೋಡಿನಲ್ಲೇ. ಮೊದಲ ತಿದ್ದುಪಡಿ ಆಗುವುದೇ ಟೈಪ್ ಮಾಡುವಾಗ. ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯ ಬಳಸುವವರು ನಿರೂಪಣೆಗೆ ಬಳಸಬಹುದು. ಸಂಭಾಷಣೆಗೆ ಬೇಡ, "ಉಂಡ್ಕಂಡು" ಎಂದರೆ ಅದು ತನಗೆ ತೋಚಿದ್ದನ್ನು ಬರೆಯುತ್ತದೆ.

ಟೈಪ್ ಆದ ಮೇಲೆ ಗಟ್ಟಿಯಾಗಿ ಓದಿ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. 1,200 ಪದ ಓದಲು ಹನ್ನೆರಡು ಹದಿಮೂರು ನಿಮಿಷ ಹಿಡಿದೀತು. ನಾಲಿಗೆ ತೊಡರಿದ ಕಡೆ ವಾಕ್ಯ ಉದ್ದವಾಗಿದೆ ಇಲ್ಲವೇ ಡಬ್ಬಿಂಗ್ ಆಗಿದೆ. ಕೇಳುವಾಗ ನಿಮಗೇ ಬೇಸರ ಬಂದ ಜಾಗವನ್ನು ತಿದ್ದಬೇಡಿ, ತೆಗೆದು ನೋಡಿ. ಮೊದಲ ಪ್ಯಾರಾ ಪೂರ್ತಿ ತೆಗೆದರೆ ಕತೆ ನಿಲ್ಲುತ್ತದೆಯೆ? ಹೆಚ್ಚಿನ ಪಾಲು ನಿಲ್ಲುತ್ತದೆ. ಕೊನೆಯ ಎರಡು ವಾಕ್ಯಕ್ಕೂ ಇದೇ ಪ್ರಶ್ನೆ.

ಚೌಕಗಳನ್ನು ತುಂಬುವ ಹೊತ್ತು ಇದು. ವರ್ಷಗಟ್ಟಲೆ ಬರೆಯದವರ ಕತೆಯೊಳಗೆ ಕಾಲವೂ ಹಳೆಯದರಲ್ಲೇ ಉಳಿದಿರುತ್ತದೆ. ಇಂದಿನ ಕತೆಯಲ್ಲಿ ಛಾಪಾ ಕಾಗದ ಮಾರುವವನು ಬಂದುಬಿಡುತ್ತಾನೆ, ಎಸ್‌ಟಿಡಿ ಬೂತ್ ಇಣುಕುತ್ತದೆ, ಕಾಫಿಗೆ ಐದು ರೂಪಾಯಿ. ಸಾಧ್ಯವಾದರೆ ಆ ಜಾಗಕ್ಕೆ ಹೋಗಿ ಅರ್ಧ ಗಂಟೆ ಬೆಂಚಿನ ಮೇಲೆ ಕೂತು ಬನ್ನಿ. ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಯುವವರನ್ನು ಯಾರೂ ಏಕೆ ಕೂತಿರಿ ಎಂದು ಕೇಳುವುದಿಲ್ಲ. ಜೆರಾಕ್ಸ್ ಅಂಗಡಿಯ ಸದ್ದು, ಆಧಾರ್ ಕಾರ್ಡಿನ ನಕಲು ಮರೆತವರ ಓಡಾಟ, ಸರ್ವರ್ ಡೌನ್ ಎಂದಾಗ ಏಳುವ ಗೊಣಗಾಟ, ಇವುಗಳಲ್ಲಿ ಎರಡು ಸಾಕು. ಮೂರನ್ನೂ ತುಂಬಿದರೆ ವರದಿಯಾಗುತ್ತದೆ.

ಓದಿಸಲೇಬೇಕೆಂದರೆ ಒಬ್ಬರಿಗೆ ಓದಿಸಿ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂದೇ ಬರುತ್ತದೆ. "ಎಲ್ಲಿ ಓದೋದು ಬಿಟ್ಟು ಫೋನ್ ನೋಡ್ಬೇಕು ಅನ್ನಿಸ್ತು?" ಎಂದು ಕೇಳಿ.

ಕಳಿಸುವ ಮನಸ್ಸಾದರೆ

ಸುಧಾ, ತರಂಗ, ಮಯೂರ, ತುಷಾರದಂಥ ಪತ್ರಿಕೆಗಳ ಇತ್ತೀಚಿನ ಎರಡು ಮೂರು ಸಂಚಿಕೆ ತಂದು ಅಲ್ಲಿಯ ಕತೆಗಳ ಉದ್ದ ಎಣಿಸಿ. ನಿಮ್ಮದು ಅದರ ಎರಡರಷ್ಟಿದ್ದರೆ ಓದುವ ಮೊದಲೇ ಪಕ್ಕಕ್ಕೆ ಹೋಗಬಹುದು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥವುಗಳಿಗೆ ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಪ್ರಕಟಣೆ ಬರುತ್ತದೆ. ಪದಮಿತಿ, ಕೊನೆಯ ದಿನಾಂಕ ಆ ವರ್ಷದ ಪ್ರಕಟಣೆಯಲ್ಲೇ ನೋಡಿ, ಹೋದ ವರ್ಷದ್ದನ್ನು ನಂಬಬೇಡಿ. ಎಲ್ಲೂ ಪ್ರಕಟವಾಗಿರಬಾರದು ಎಂಬ ಷರತ್ತಿದ್ದರೆ ಫೇಸ್‌ಬುಕ್ಕಿನಲ್ಲಿ ಹಾಕಿದ್ದೂ ಪ್ರಕಟಣೆ ಎಂದೇ ತಿಳಿಯುವುದು ಕ್ಷೇಮ. ಒಂದೇ ಕತೆ ಒಂದೇ ಹೊತ್ತಿಗೆ ಎರಡು ಕಡೆ ಹೋಗಬಾರದು. ಹೆಸರು, ವಿಳಾಸ, ಫೋನ್ ನಂಬರು, ಸ್ವಂತ ರಚನೆ ಎಂಬ ಒಂದು ಸಾಲು ಜೊತೆಗಿರಲಿ. ಕತೆಯ ಹಿನ್ನೆಲೆ ವಿವರಿಸುವ ಪತ್ರ ಬೇಡ.

ಕಳಿಸುವ ಗುಂಡಿ ಒತ್ತುವ ಮೊದಲು ಲಾಂಗ್ ಬುಕ್ಕಿನ ಹೊಸ ಪುಟದಲ್ಲಿ ಮುಂದಿನ ಕತೆಯ ಇಬ್ಬರ ಹೆಸರು, ಅವರು ನಿಂತ ಜಾಗ, ಮೊದಲ ಸಾಲಿನ ಎರಡು ಪದ ಬರೆದಿಡಿ. ಉತ್ತರಕ್ಕೆ ಕಾಯುವ ತಿಂಗಳುಗಳಲ್ಲಿ ಮೇಲ್ ತೆರೆದು ನೋಡುವ ಕೈಗೆ ಬೇರೆ ಕೆಲಸ ಬೇಕಾಗುತ್ತದೆ.